ಪಟ್ಟಿಯಲ್ಲಿ ಇಲ್ಲದವರಿಗೆ ನಮ್ಮ ಮತ

ಸಿನೆಮಾಕ್ಕೆ ಆಸ್ಕರ್ ಹೇಗೋ ಅಮೆರಿಕದ ಕಿರುತೆರೆಗೆ ಎಮ್ಮಿ ಪ್ರಶಸ್ತಿ ಹಾಗೆ. 1949ರಲ್ಲಿ ಲಾಸ್ ಏಂಜಲೀಸಿನ ಒಂದು ಕ್ಲಬ್ಬಿನಲ್ಲಿ ಸಣ್ಣದಾಗಿ ಆರಂಭವಾದ ಈ ಪ್ರಶಸ್ತಿಗೆ ಇಂದು ನೂರಕ್ಕೂ ಹೆಚ್ಚು ವಿಭಾಗಗಳಿವೆ. ಸಾಮಾನ್ಯವಾಗಿ ಜುಲೈಯಲ್ಲಿ ನಾಮನಿರ್ದೇಶನಗಳ ಪಟ್ಟಿ ಹೊರಬೀಳುತ್ತದೆ, ಸೆಪ್ಟೆಂಬರಿನಲ್ಲಿ ಪ್ರಶಸ್ತಿ ಪ್ರದಾನ. ಪಟ್ಟಿ ಬರುವ ಮುನ್ನವೂ ಬಂದ ನಂತರವೂ ಅಭಿಮಾನಿಗಳು ತಮ್ಮದೇ ಪಟ್ಟಿಗಳನ್ನು ಕಟ್ಟುವುದು ಅಲ್ಲಿನ ಒಂದು ರೂಢಿ. ನಮ್ಮಲ್ಲಿ ಕ್ರಿಕೆಟ್ ತಂಡದ ಆಯ್ಕೆಯ ಹೊತ್ತಿಗೆ ಪ್ರತಿ ಊರಿನ ಹೋಟೆಲಿನಲ್ಲೂ ಚಹಾ ಕುಡಿಯುತ್ತಾ ಹನ್ನೊಂದು ಮಂದಿಯನ್ನು ಆರಿಸುವವರು ಇರುತ್ತಾರಲ್ಲ, ಹಾಗೆಯೇ ಇದು. ಅದರಿಂದ ಆಯ್ಕೆ ಸಮಿತಿಯ ತೀರ್ಮಾನ ಬದಲಾಗುವುದಿಲ್ಲ. ಆದರೆ ಆರಿಸುವವನ ಮನಸ್ಸು ಯಾವುದಕ್ಕೆ ಬೆಲೆ ಕೊಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಈ ಧಾರಾವಾಹಿಗಳಲ್ಲಿ ಹಲವು ಇಂದು ಕರ್ನಾಟಕದ ಮನೆಗಳಲ್ಲೂ ಮೊಬೈಲುಗಳಲ್ಲೂ ಸಿಗುತ್ತವೆ. ನಮ್ಮ ಮಕ್ಕಳು ಅವನ್ನು ನೋಡುತ್ತಾರೆ, ನಾವೂ ನೋಡುತ್ತೇವೆ. ಆದುದರಿಂದ ಅವುಗಳ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಪ್ರೇಕ್ಷಕರಾದ ನಮಗೂ ಇದೆ. ಇಲ್ಲಿ ನಾವು ಮಂಡಿಸುತ್ತಿರುವುದು ಅಂಥ ಒಂದು ಪಟ್ಟಿಯನ್ನು: ಕಳೆದ ಕೆಲವು ವರ್ಷಗಳಲ್ಲಿ ಎಮ್ಮಿ ಪಟ್ಟಿಯಲ್ಲಿ ಇರಬೇಕಿದ್ದು ಇಲ್ಲದೇ ಹೋದ, ಮುಸ್ಲಿಮ್ ಬದುಕಿಗೆ ಸಂಬಂಧಿಸಿದ ಕೆಲವು ಪಾತ್ರಗಳು ಮತ್ತು ಬರವಣಿಗೆ.

ಪಟ್ಟಿಗೆ ನಾವು ಎರಡು ನಿಯಮಗಳನ್ನು ಹಾಕಿಕೊಂಡಿದ್ದೇವೆ. ಒಂದು, ಮುಸ್ಲಿಮರನ್ನು ಹೊಗಳಿದ್ದಾರೆ ಎಂಬ ಕಾರಣಕ್ಕೆ ಯಾವುದನ್ನೂ ಸೇರಿಸುವುದಿಲ್ಲ. ನಟನೆ ಚೆನ್ನಾಗಿರಬೇಕು, ಬರವಣಿಗೆ ಗಟ್ಟಿಯಾಗಿರಬೇಕು. ಎರಡು, ಒಂದು ಹೆಸರನ್ನು ಸೇರಿಸಿದರೆ ಆ ವರ್ಷದ ಪಟ್ಟಿಯಿಂದ ಇನ್ನೊಂದನ್ನು ತೆಗೆಯಲೇಬೇಕು. 'ಇವರಿಗೂ ಕೊಡಬಹುದಿತ್ತು' ಎಂದು ಹೇಳುವುದು ಸುಲಭ. ಯಾರ ಬದಲಿಗೆ ಎಂದು ಹೇಳುವಾಗ ಮಾತ್ರ ನಮ್ಮ ವಾದಕ್ಕೆ ತೂಕ ಬರುತ್ತದೆ.

ಯಾರಿಗೆ ಯಾವ ಪಾತ್ರಕ್ಕೆ

ಮೊದಲು ಹಿನ್ನೆಲೆಯನ್ನು ನೋಡೋಣ. 2001ರ ಎಮ್ಮಿ ಸಮಾರಂಭ ಸೆಪ್ಟೆಂಬರ್ 16ರಂದು ನಡೆಯಬೇಕಿತ್ತು. ಸೆಪ್ಟೆಂಬರ್ 11ರ ದಾಳಿಯಿಂದಾಗಿ ಅದನ್ನು ಮುಂದೂಡಲಾಯಿತು. ಅಕ್ಟೋಬರ್ 7ಕ್ಕೆ ನಿಗದಿಯಾದಾಗ ಅದೇ ದಿನ ಅಫ್ಘಾನಿಸ್ತಾನದ ಮೇಲೆ ಬಾಂಬ್ ದಾಳಿ ಆರಂಭವಾಗಿ ಮತ್ತೆ ಮುಂದೂಡಲ್ಪಟ್ಟಿತು. ಕೊನೆಗೆ ನವೆಂಬರ್ 4ರಂದು ನಡೆಯಿತು. ಅದಾದ ಎರಡೇ ದಿನಗಳಲ್ಲಿ, ನವೆಂಬರ್ 6ರಂದು, '24' ಎಂಬ ಧಾರಾವಾಹಿಯ ಮೊದಲ ಕಂತು ಪ್ರಸಾರವಾಯಿತು. ಭಯೋತ್ಪಾದನೆಯನ್ನು ತಡೆಯಲು ಓಡಾಡುವ, ಬೇಕಾದರೆ ಬಂಧಿತರಿಗೆ ಚಿತ್ರಹಿಂಸೆ ಕೊಡುವ ಅಧಿಕಾರಿಯ ಕಥೆ ಅದು. ದಾಳಿಗೆ ಮುನ್ನವೇ ಸಿದ್ಧವಾಗಿದ್ದರೂ ಮುಂದಿನ ಒಂದು ದಶಕದ ಅಮೆರಿಕನ್ ಟಿ.ವಿ.ಯ ಮನಃಸ್ಥಿತಿಯನ್ನು ಅದು ರೂಪಿಸಿತು.

2005ರಲ್ಲಿ ಅದರ ನಾಲ್ಕನೇ ಆವೃತ್ತಿ ಒಂದು ಸಭ್ಯ ಮುಸ್ಲಿಮ್ ಕುಟುಂಬವನ್ನು ತೋರಿಸಿತು. ಅಪ್ಪ, ಅಮ್ಮ, ಶಾಲೆಗೆ ಹೋಗುವ ಮಗ, ಬೆಳಗಿನ ತಿಂಡಿ. ಮೂವರೂ ಭಯೋತ್ಪಾದನೆಯ ಸಂಚಿನಲ್ಲಿ ಭಾಗಿಗಳು! ನಿಮ್ಮ ಪಕ್ಕದ ಮನೆಯವರೇ ಶತ್ರುಗಳಾಗಿರಬಹುದು ಎಂಬ ಸಂದೇಶ ಅದರಲ್ಲಿತ್ತು. ಅಲ್ಲಿನ ಮುಸ್ಲಿಮ್ ಸಂಘಟನೆಗಳು ಆಕ್ಷೇಪಿಸಿದ ಮೇಲೆ ನಾಯಕ ನಟ ಕೀಫರ್ ಸದರ್‌ಲ್ಯಾಂಡ್ ಪರದೆಯ ಮೇಲೆ ಬಂದು ಅಮೆರಿಕದ ಮುಸ್ಲಿಮರು ಭಯೋತ್ಪಾದನೆಯ ವಿರುದ್ಧ ಇದ್ದಾರೆಂದು ಹೇಳಬೇಕಾಯಿತು. ಮರುವರ್ಷ, 2006ರಲ್ಲಿ, '24' ಅತ್ಯುತ್ತಮ ಧಾರಾವಾಹಿಯೆಂಬ ಎಮ್ಮಿ ಪಡೆಯಿತು. ಪ್ರಶಸ್ತಿ ಬಂದ ಆ ಐದನೇ ಆವೃತ್ತಿಯಲ್ಲಿ ಅಮೆರಿಕದ ಅಧ್ಯಕ್ಷನೇ ಸಂಚುಕೋರನಾಗಿದ್ದ ಎಂಬುದನ್ನೂ ಹೇಳಲೇಬೇಕು.

ಆ ಕುಟುಂಬದ ತಾಯಿಯಾಗಿ ನಟಿಸಿದವರು ಇರಾನ್ ಮೂಲದ ಶೊಹ್ರೆ ಅಗ್ದಾಶ್ಲೂ. ಅಪೂರ್ವ ನಟಿ. ಅವರಿಗೆ 2009ರಲ್ಲಿ ಎಮ್ಮಿ ಬಂತು. ಯಾವ ಪಾತ್ರಕ್ಕೆ? 'ಹೌಸ್ ಆಫ್ ಸದ್ದಾಮ್' ಕಿರುಸರಣಿಯಲ್ಲಿ ಸದ್ದಾಮ್ ಹುಸೇನರ ಪತ್ನಿ ಸಾಜಿದಾಳ ಪಾತ್ರಕ್ಕೆ.

2012ರಲ್ಲಿ 'ಹೋಮ್‌ಲ್ಯಾಂಡ್' ಅತ್ಯುತ್ತಮ ಧಾರಾವಾಹಿಯಾಯಿತು. ಇಸ್ರೇಲಿನ 'ಹತುಫಿಮ್' ಧಾರಾವಾಹಿಯ ಆಧಾರದಲ್ಲಿ ತಯಾರಾದ ಇದರಲ್ಲಿ ಇರಾಕಿನಲ್ಲಿ ಸೆರೆಯಾಗಿದ್ದ ಅಮೆರಿಕನ್ ಸೈನಿಕನೊಬ್ಬ ಮನೆಗೆ ಮರಳುತ್ತಾನೆ. ಆತ ಇಸ್ಲಾಮ್ ಸ್ವೀಕರಿಸಿದ್ದಾನೆ ಎಂಬುದು ನಮಗೆ ತಿಳಿಯುವುದು ಆತ ಗ್ಯಾರೇಜಿನಲ್ಲಿ ಗುಟ್ಟಾಗಿ ನಮಾಝ್ ಮಾಡುವ ದೃಶ್ಯದಲ್ಲಿ. ಆ ದೃಶ್ಯವನ್ನು ಹೇಗೆ ಚಿತ್ರಿಸಲಾಗಿದೆ ನೋಡಿ. ಕೈ ತೊಳೆಯುವುದು, ಚಾಪೆ ಹಾಸುವುದು, ಸುಜೂದ್, ಎಲ್ಲವೂ ಪತ್ತೇದಾರಿ ಕಥೆಯಲ್ಲಿ ರಕ್ತದ ಕಲೆ ಸಿಕ್ಕಿದಂತೆ! ಜಗತ್ತಿನಲ್ಲಿ ಕೋಟ್ಯಂತರ ಮಂದಿ ದಿನಕ್ಕೆ ಐದು ಬಾರಿ ಮಾಡುವ ಸಾಮಾನ್ಯ ಕ್ರಿಯೆಯೊಂದು ಅಲ್ಲಿ ಸುಳಿವಾಗಿ ಬದಲಾಯಿತು. ಆ ಸೈನಿಕನ ಪಾತ್ರಧಾರಿ ಡೇಮಿಯನ್ ಲೂಯಿಸ್ ಮತ್ತು ನಾಯಕಿ ಕ್ಲೇರ್ ಡೇನ್ಸ್ ಇಬ್ಬರಿಗೂ ಆ ವರ್ಷ ಪ್ರಶಸ್ತಿ ಬಂತು. ಇಬ್ಬರ ನಟನೆಯೂ ಉತ್ತಮವೇ. ಕಳಪೆ ಕೃತಿಯೊಂದು ಸುಳ್ಳು ಹೇಳಿದರೆ ಜನ ಬೇಗ ಮರೆಯುತ್ತಾರೆ, ಒಳ್ಳೆಯ ಕೃತಿ ಹೇಳಿದ ಅರೆಸತ್ಯ ಬಹುಕಾಲ ಬಾಳುತ್ತದೆ. ಆ ವರ್ಷದ ಅತ್ಯುತ್ತಮ ಧಾರಾವಾಹಿಗೆ ನಮ್ಮ ಮತ, ಅದೇ ಪಟ್ಟಿಯಲ್ಲಿದ್ದ 'ಬ್ರೇಕಿಂಗ್ ಬ್ಯಾಡ್'ಗೆ.

'ಹೋಮ್‌ಲ್ಯಾಂಡ್' ಬಗ್ಗೆ ಅತ್ಯಂತ ಚುರುಕಾದ ವಿಮರ್ಶೆ ಬಂದದ್ದು 2015ರಲ್ಲಿ, ಅದೂ ಆ ಧಾರಾವಾಹಿಯ ಒಳಗಿನಿಂದಲೇ. ಬರ್ಲಿನ್‌ನಲ್ಲಿ ಸಿರಿಯನ್ ನಿರಾಶ್ರಿತರ ಶಿಬಿರದ ಸೆಟ್ ಹಾಕಿ, ಗೋಡೆಗಳ ಮೇಲೆ ಅರಬಿ ಬರಹ ಬರೆಯಲು ಕಲಾವಿದರನ್ನು ಕರೆಸಿದ್ದರು. ಅವರು ಗೋಡೆಯ ಮೇಲೆ ಅರಬಿಯಲ್ಲಿ 'ಹೋಮ್‌ಲ್ಯಾಂಡ್ ಜನಾಂಗದ್ವೇಷಿ' ಎಂದು ಬರೆದರು. ತಂಡದಲ್ಲಿ ಯಾರಿಗೂ ಅದು ತಿಳಿಯಲಿಲ್ಲ, ಕಂತು ಹಾಗೆಯೇ ಪ್ರಸಾರವಾಯಿತು. ಅರಬರ ಬಗ್ಗೆ ವರ್ಷಗಟ್ಟಲೆ ಕಥೆ ಹೇಳುತ್ತಿದ್ದವರಿಗೆ ಅವರ ಭಾಷೆಯ ಒಂದು ವಾಕ್ಯವನ್ನು ಓದಿಸಿ ನೋಡುವ ಅಗತ್ಯವೂ ಕಾಣಲಿಲ್ಲ.

ಪಟ್ಟಿ ಹೇಗೆ ತಯಾರಾಗುತ್ತದೆ

ಇಲ್ಲಿ ಒಂದು ಪಿತೂರಿಯನ್ನು ಹುಡುಕುವ ಅಗತ್ಯವಿಲ್ಲ. ಎಮ್ಮಿ ನೀಡುವ ಟೆಲಿವಿಷನ್ ಅಕಾಡೆಮಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಎಲ್ಲರೂ ಆ ಉದ್ಯಮದವರೇ. ನಟರನ್ನು ನಟರು, ಬರಹಗಾರರನ್ನು ಬರಹಗಾರರು, ನಿರ್ದೇಶಕರನ್ನು ನಿರ್ದೇಶಕರು ನಾಮನಿರ್ದೇಶನ ಮಾಡುತ್ತಾರೆ. ಅತ್ಯುತ್ತಮ ಧಾರಾವಾಹಿಗೆ ಮಾತ್ರ ಎಲ್ಲ ವಿಭಾಗದವರೂ ಮತ ಹಾಕುತ್ತಾರೆ. ಒಂದು ವರ್ಷದಲ್ಲಿ ಬರುವ ನೂರಾರು ಧಾರಾವಾಹಿಗಳನ್ನು ನೋಡಿ ಮುಗಿಸಲು ಯಾರಿಂದಲೂ ಸಾಧ್ಯವಿಲ್ಲ. ಆಗ ಮತ ಹೋಗುವುದು ಈಗಾಗಲೇ ಗೊತ್ತಿರುವ ಹೆಸರಿಗೆ, ಎಲ್ಲರೂ ಮಾತನಾಡುತ್ತಿರುವ ಧಾರಾವಾಹಿಗೆ, ಜಾಹೀರಾತಿಗೆ ಹಣ ಸುರಿದ ಕಂಪೆನಿಗೆ.

ಈ ಕುರುಡುತನಕ್ಕೆ ಬಲಿಯಾದವರು ಮುಸ್ಲಿಮರು ಮಾತ್ರವಲ್ಲ. ಬಾಲ್ಟಿಮೋರ್ ನಗರದ ಬಡವರ, ಪೊಲೀಸರ, ಶಾಲೆಗಳ ಕಥೆ ಹೇಳಿದ 'ದ ವೈರ್' 2002ರಿಂದ 2008ರ ತನಕ 60 ಕಂತುಗಳಲ್ಲಿ ಬಂತು. ಅಮೆರಿಕನ್ ಟಿ.ವಿ.ಯ ಶ್ರೇಷ್ಠ ಕೃತಿಗಳಲ್ಲಿ ಅದೊಂದು ಎಂದು ಇಂದು ವಿಮರ್ಶಕರು ಒಪ್ಪುತ್ತಾರೆ. ಅದಕ್ಕೆ ಸಿಕ್ಕಿದ್ದು ಬರವಣಿಗೆಗಾಗಿ ಎರಡು ನಾಮನಿರ್ದೇಶನ, 2005 ಮತ್ತು 2008ರಲ್ಲಿ. ಪ್ರಶಸ್ತಿ ಒಂದೂ ಇಲ್ಲ. ಅದರ ಹೆಚ್ಚಿನ ಪಾತ್ರಧಾರಿಗಳು ಕಪ್ಪು ಜನರು, ಅದು ಚಿತ್ರಿತವಾದದ್ದು ಹಾಲಿವುಡ್‌ನಿಂದ ಬಹುದೂರದಲ್ಲಿ.

ಹಾಗಿರುವಾಗ ಪಟ್ಟಿಯೊಂದು ಕಲೆಯ ಅಳತೆಗೋಲು ಮಾತ್ರವಲ್ಲ, ಆರಿಸುವವರಿಗೆ ಯಾರ ಪರಿಚಯವಿದೆ ಎಂಬುದರ ಲೆಕ್ಕವೂ ಹೌದು. 2022ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಸಂಶೋಧಕರು 200 ಜನಪ್ರಿಯ ಧಾರಾವಾಹಿಗಳನ್ನು ಪರಿಶೀಲಿಸಿದಾಗ ಮಾತನಾಡುವ ಪಾತ್ರಗಳಲ್ಲಿ ಮುಸ್ಲಿಮರು ಶೇಕಡಾ 1ರ ಆಸುಪಾಸಿನಲ್ಲಿದ್ದರು. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಇರುವವರು ಪರದೆಯ ಮೇಲೆ ನೂರಕ್ಕೆ ಒಬ್ಬರು!

ಮೊದಲ ಮತ: ಒಬ್ಬ ತಂದೆಗೆ

2017ರ ಸೆಪ್ಟೆಂಬರಿನಲ್ಲಿ ರಿಝ್ ಅಹ್ಮದ್ 'ದ ನೈಟ್ ಆಫ್' ಕಿರುಸರಣಿಗಾಗಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ನಟನೆಗೆ ಎಮ್ಮಿ ಪಡೆದ ದಕ್ಷಿಣ ಏಷ್ಯಾ ಮೂಲದ ಮೊದಲ ಪುರುಷ ಅವರು. ಅದು ಸಂತೋಷದ ಸಂಗತಿಯೇ. ಆದರೆ ಪಾತ್ರ ಯಾವುದು? ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಪಾಕಿಸ್ತಾನಿ ಮೂಲದ ವಿದ್ಯಾರ್ಥಿ ನಾಸಿರ್ ಖಾನ್, ಕೊಲೆ ಆರೋಪಿ. ಮುಸ್ಲಿಮ್ ಯುವಕ ಪರದೆಯ ಮಧ್ಯಕ್ಕೆ ಬರಬೇಕಾದರೆ ಆತನ ಕೈಗೆ ಕೋಳ ಇರಲೇಬೇಕೇ ಎಂಬ ಪ್ರಶ್ನೆ ಆಗ ನಮ್ಮಲ್ಲಿ ಮೂಡಿತ್ತು. ಸ್ವತಃ ರಿಝ್ ಅಹ್ಮದ್ ಅಂದಿನ ಭಾಷಣದಲ್ಲಿ, ನಿಜವಾದ ನೋವಿನ ಮೇಲೆ ಕಟ್ಟಿದ ಕಥೆಯಿಂದ ತಾವು ಫಲ ಪಡೆಯುವುದು ವಿಚಿತ್ರವೆನಿಸುತ್ತದೆ ಎಂಬರ್ಥದ ಮಾತು ಹೇಳಿದ್ದರು.

ಆದರೆ 'ದ ನೈಟ್ ಆಫ್' ಆ ಪ್ರಶ್ನೆಗೆ ತನ್ನೊಳಗೇ ಉತ್ತರ ಇಟ್ಟುಕೊಂಡಿದೆ. ಅದು ಆರೋಪಿಯ ಮನೆಯನ್ನೂ ತೋರಿಸುತ್ತದೆ. ಮಗ ಕೇಳದೆ ಕೊಂಡೊಯ್ದ ಟ್ಯಾಕ್ಸಿ ತಂದೆ ಸಲೀಮ್ ಒಬ್ಬನದಲ್ಲ, ಮೂವರು ಪಾಲುದಾರರದು. ಅದು ಸಾಕ್ಷ್ಯವೆಂದು ಪೊಲೀಸರ ವಶವಾದಾಗ ಮೂರು ಮನೆಗಳ ಒಲೆ ಆರುತ್ತದೆ. ಪಾಲುದಾರರು ಕೆಟ್ಟವರಲ್ಲ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಅವರು ಸಲೀಮನ ಬಳಿ, ನಿನ್ನ ಮಗ ಟ್ಯಾಕ್ಸಿ ಕದ್ದನೆಂದು ದೂರು ಕೊಟ್ಟರೆ ಗಾಡಿ ಬಿಡಿಸಬಹುದು ಎನ್ನುತ್ತಾರೆ. ಕೊಲೆ ಆರೋಪಿಯಾದ ಮಗನ ಮೇಲೆ ತಂದೆಯೇ ಕಳ್ಳತನದ ದೂರು ಕೊಡಬೇಕು! ಸಲೀಮ್ ಕೊನೆಗೆ ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುವ ಕೆಲಸಕ್ಕೆ ಇಳಿಯುತ್ತಾನೆ. ತಾಯಿಗೆ ಮಗನ ಮೇಲೆಯೇ ಸಂಶಯ ಮೂಡುತ್ತದೆ. ಒಂದು ಎಫ್‌ಐಆರ್ ಒಬ್ಬನ ಮೇಲೆ ದಾಖಲಾದರೂ ಶಿಕ್ಷೆ ಇಡೀ ಮನೆಗೆ ಎಂಬುದನ್ನು ನಮ್ಮ ದೇಶದಲ್ಲಿ, ವರ್ಷಗಟ್ಟಲೆ ವಿಚಾರಣಾಧೀನ ಕೈದಿಗಳಾಗಿದ್ದು ನಿರ್ದೋಷಿಗಳಾಗಿ ಹೊರಬಂದವರ ಮನೆಯವರಿಗೆ ಯಾರೂ ವಿವರಿಸಬೇಕಿಲ್ಲ.

ಸಲೀಮನಾಗಿ ನಟಿಸಿದವರು 'ಎ ಸೆಪರೇಷನ್' ಖ್ಯಾತಿಯ ಇರಾನಿ ನಟ ಪೇಮಾನ್ ಮೊಆದಿ. ಇಡೀ ಸರಣಿಯಲ್ಲಿ ಅವರು ಒಂದು ಬಾರಿಯೂ ಭಾಷಣ ಮಾಡುವುದಿಲ್ಲ. ಪೊಲೀಸ್ ಠಾಣೆಯ ಬೆಂಚಿನಲ್ಲಿ ಅವರು ಕುಳಿತುಕೊಳ್ಳುವ ರೀತಿಯೇ ಎಲ್ಲವನ್ನೂ ಹೇಳುತ್ತದೆ. ಜೋರಾಗಿ ಮಾತನಾಡಿದರೆ ಮಗನಿಗೆ ಕೇಡಾದೀತು ಎಂಬ ಅಳುಕಿನಲ್ಲಿ ಬದುಕುವ ತಂದೆಯ ದೇಹಭಾಷೆ ಅದು. ಆ ವರ್ಷ ಪೋಷಕ ನಟರ ಪಟ್ಟಿಯಲ್ಲಿ ಇದೇ ಸರಣಿಯ ಇಬ್ಬರಿದ್ದರು: ಪತ್ತೇದಾರನ ಪಾತ್ರದ ಬಿಲ್ ಕ್ಯಾಂಪ್, ಸೆರೆಮನೆಯ ಪಾಳೇಗಾರನ ಪಾತ್ರದ ಮೈಕೆಲ್ ಕೆ. ವಿಲಿಯಮ್ಸ್. ಇಬ್ಬರೂ ಅರ್ಹರು. ಮೊಆದಿ ಇರಲಿಲ್ಲ. ತಾಯಿ ಸಫರ್ ಪಾತ್ರದ ಪೂರ್ಣಾ ಜಗನ್ನಾಥನ್ ಕೂಡ ತಮ್ಮ ವಿಭಾಗದ ಪಟ್ಟಿಯಲ್ಲಿರಲಿಲ್ಲ. ಕಾನೂನಿನ ಲೋಕ ಕಂಡಿತು, ಸೆರೆಮನೆ ಕಂಡಿತು, ಮನೆ ಮಾತ್ರ ಕಾಣಲಿಲ್ಲ. 'ಫ್ಯೂಡ್' ಸರಣಿಯ ಇಬ್ಬರು ನಟರು ಆ ಪಟ್ಟಿಯಲ್ಲಿದ್ದರು. ಅವರಲ್ಲಿ ಸ್ಟ್ಯಾನ್ಲಿ ಟುಚ್ಚಿಯ ಜಾಗವನ್ನು ನಾವು ಮೊಆದಿಗೆ ಕೊಡುತ್ತೇವೆ.

ಎರಡನೇ ಮತ: ಒಬ್ಬ ಅಧಿಕಾರಿಗೆ

2018ರ 'ದ ಲೂಮಿಂಗ್ ಟವರ್' ಸೆಪ್ಟೆಂಬರ್ 11ರ ಹಿಂದಿನ ವರ್ಷಗಳ ಕಥೆ. ಲಾರೆನ್ಸ್ ರೈಟ್ ಅವರ ಪುಲಿಟ್ಜರ್ ವಿಜೇತ ಪುಸ್ತಕ ಇದಕ್ಕೆ ಆಧಾರ. ಎಫ್‌ಬಿಐ ಮತ್ತು ಸಿಐಎ ಪರಸ್ಪರ ಮಾಹಿತಿ ಮುಚ್ಚಿಟ್ಟದ್ದರಿಂದ ಏನಾಯಿತು ಎಂಬುದು ಅದರ ವಸ್ತು. ಅದರ ಒಂದು ಮುಖ್ಯ ಪಾತ್ರ ಅಲಿ ಸೂಫಾನ್, ಲೆಬನಾನಿನಲ್ಲಿ ಹುಟ್ಟಿದ ಮುಸ್ಲಿಮ್ ಎಫ್‌ಬಿಐ ಅಧಿಕಾರಿ, ನಿಜ ವ್ಯಕ್ತಿ. ಅರಬಿ ಬಲ್ಲವರು ಆಗ ಆ ಇಲಾಖೆಯಲ್ಲಿ ಬೆರಳೆಣಿಕೆಯಷ್ಟೇ ಇದ್ದರು. 2000ದಲ್ಲಿ ಏಡನ್ ಬಂದರಿನಲ್ಲಿ ಅಮೆರಿಕನ್ ನೌಕೆಯ ಮೇಲೆ ದಾಳಿ ನಡೆದು 17 ನಾವಿಕರು ಸತ್ತಾಗ ತನಿಖೆ ನಡೆಸಿದವರು ಅವರು. ಸೆಪ್ಟೆಂಬರ್ 11ರ ಬಳಿಕ ಯಮನ್‌ನಲ್ಲಿ ಬಿನ್ ಲಾದಿನ್‌ನ ಮಾಜಿ ಅಂಗರಕ್ಷಕನನ್ನು ವಿಚಾರಣೆ ಮಾಡಿ ಮಹತ್ವದ ಮಾಹಿತಿ ಪಡೆದವರೂ ಅವರೇ, ಅದೂ ಹೊಡೆಯದೆ ಬಡಿಯದೆ. ಮುಂದೆ 2009ರಲ್ಲಿ ಚಿತ್ರಹಿಂಸೆಯ ವಿರುದ್ಧ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅವರು ಹೇಳಿಕೆ ಕೊಟ್ಟರು. '24' ನಾಯಕನ ದಾರಿಗೆ ಇದು ನೇರ ಉತ್ತರವಲ್ಲವೇ?

ಈ ಪಾತ್ರದಲ್ಲಿ ಫ್ರಾನ್ಸಿನ ನಟ ತಾಹರ್ ರಹೀಮ್ ತೋರಿಸಿದ್ದು ಎರಡು ಕಡೆಯಿಂದಲೂ ಅನುಮಾನಕ್ಕೆ ಒಳಗಾಗುವ ಮನುಷ್ಯನ ಒಂಟಿತನವನ್ನು. ಕಚೇರಿಯಲ್ಲಿ ಆತ ಅರಬ, ಯಮನ್‌ನಲ್ಲಿ ಆತ ಅಮೆರಿಕನ್. ವಿಚಾರಣೆಯ ಕೋಣೆಯಲ್ಲಿ ಆರೋಪಿಯ ಜೊತೆ ಧರ್ಮದ ಬಗ್ಗೆ ಮಾತನಾಡುವಾಗ ಆತನ ಮುಖದಲ್ಲಿ ಕಾಣುವುದು ತನ್ನ ಮನೆಯ ವಸ್ತುವನ್ನು ಕದ್ದವನ ಎದುರು ಕುಳಿತವನ ಸಿಟ್ಟು. ಆ ಸಿಟ್ಟನ್ನು ಹಿಡಿದಿಟ್ಟುಕೊಂಡ ಪರಿಯೇ ನಟನೆ. ಆ ವರ್ಷ ಇದೇ ಸರಣಿಯ ಜೆಫ್ ಡೇನಿಯಲ್ಸ್ ಮತ್ತು ಮೈಕೆಲ್ ಸ್ಟೂಲ್‌ಬಾರ್ಗ್ ಪಟ್ಟಿಯಲ್ಲಿದ್ದರು, ರಹೀಮ್ ಇರಲಿಲ್ಲ. ಅತ್ಯುತ್ತಮ ನಟರ ಪಟ್ಟಿಯಲ್ಲಿ ಗಾಯಕ ಜಾನ್ ಲೆಜೆಂಡ್ ಹೆಸರಿತ್ತು, ನೇರಪ್ರಸಾರವಾದ ಒಂದು ಸಂಗೀತ ರೂಪಕಕ್ಕಾಗಿ. ಹಾಡಿಗೆ ನಮ್ಮ ಗೌರವವಿದೆ. ನಾಮನಿರ್ದೇಶನ ಮಾತ್ರ ರಹೀಮ್‌ಗೆ ಸಲ್ಲಬೇಕಿತ್ತು.

ಮೂರನೇ ಮತ: ಒಬ್ಬ ತಾಯಿಗೆ

2019ರಲ್ಲಿ ಆರಂಭವಾದ 'ರಾಮಿ' ಒಂದು ಹೊಸ ಬಾಗಿಲು ತೆರೆಯಿತು. ಈಜಿಪ್ಟ್ ಮೂಲದ ಅಮೆರಿಕನ್ ಯುವಕನ ಕಥೆ, ಬರೆದು ನಟಿಸಿದವರು ರಾಮಿ ಯೂಸುಫ್. ಇಲ್ಲಿ ನಾಯಕ ನಮಾಝ್ ಮಾಡುತ್ತಾನೆ, ಉಪವಾಸ ಹಿಡಿಯುತ್ತಾನೆ, ಪಾಪವನ್ನೂ ಮಾಡುತ್ತಾನೆ. ಪಾಪ ಮಾಡಿ ನಾಚುತ್ತಾನೆ, ಮತ್ತೆ ಮಾಡುತ್ತಾನೆ. 2020ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸ್ವೀಕರಿಸಿದ ರಾಮಿ ಯೂಸುಫ್ ವೇದಿಕೆಯಲ್ಲಿ ದೇವನಿಗೆ ಕೃತಜ್ಞತೆ ಹೇಳಿ 'ಅಲ್ಲಾಹು ಅಕ್ಬರ್' ಎಂದರು. ಸಿನೆಮಾಗಳಲ್ಲಿ ಬಾಂಬ್ ಸಿಡಿಯುವ ಮುನ್ನ ಮಾತ್ರ ಕೇಳಿಬರುತ್ತಿದ್ದ ಶಬ್ದ ಅಂದು ಕೃತಜ್ಞತೆಯ ಶಬ್ದವಾಗಿ ಅದೇ ಹಾಲಿವುಡ್‌ನಲ್ಲಿ ಕೇಳಿಸಿತು.

'ರಾಮಿ' ಬಗ್ಗೆ ಮುಸ್ಲಿಮ್ ಪ್ರೇಕ್ಷಕರಲ್ಲಿ ಅಸಮಾಧಾನವಿದೆ, ಅದು ಅಕಾರಣವಲ್ಲ. ಅದರ ಹಲವು ದೃಶ್ಯಗಳನ್ನು ಮನೆಮಂದಿಯೊಂದಿಗೆ ಕುಳಿತು ನೋಡಲಾಗದು. ಮೊದಲ ಆವೃತ್ತಿಯಲ್ಲಿ ಮುಸ್ಲಿಮ್ ಹುಡುಗಿಯರ ಚಿತ್ರಣ ತೆಳುವಾಗಿದೆ. ಇದೆಲ್ಲಕ್ಕಿಂತ ದೊಡ್ಡ ಆಕ್ಷೇಪ, ಮನೆಯ ದೋಷವನ್ನು ಬೀದಿಯಲ್ಲಿ ಏಕೆ ಹೇಳಬೇಕು ಎಂಬುದು. ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಕಾಲದಿಂದಲೂ ನಾವು ಇದನ್ನು ಚರ್ಚಿಸುತ್ತಾ ಬಂದಿದ್ದೇವೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗಲೂ ಅದು ಮತ್ತೆ ಎದ್ದಿತು. ನಮ್ಮ ನಿಲುವು ಇಷ್ಟು: ಒಬ್ಬ ಹೊರಗಿನಿಂದ ಕಿಟಕಿಯಲ್ಲಿ ಇಣುಕಿ ಬರೆಯುವುದಕ್ಕೂ ಮನೆಯೊಳಗಿನವನು ತನ್ನ ನೋವನ್ನು ತಾನೇ ಹೇಳಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ನಾಯಕನ ನಡತೆಯನ್ನು ನಾವು ಒಪ್ಪಬೇಕಿಲ್ಲ. ಆದರೆ ಆತನಿಗೆ ಆತ್ಮಸಾಕ್ಷಿ ಇದೆ, ಆತ ತನ್ನ ರಬ್ಬ್‌ಗೆ ಹೆದರುತ್ತಾನೆ. 'ಹೋಮ್‌ಲ್ಯಾಂಡ್'ನ ಮುಸ್ಲಿಮನಿಗೆ ಸಂಚು ಇತ್ತು, ಈತನಿಗೆ ತೌಬಾದ ಹಂಬಲವಿದೆ.

2020ರ ಎಮ್ಮಿಯಲ್ಲಿ 'ರಾಮಿ'ಗೆ ಮೂರು ನಾಮನಿರ್ದೇಶನ ಬಂತು: ನಟನೆಗೂ ನಿರ್ದೇಶನಕ್ಕೂ ರಾಮಿ ಯೂಸುಫ್, ಪೋಷಕ ನಟನಾಗಿ ಸೂಫಿ ಗುರುವಿನ ಪಾತ್ರದ ಮಹೆರ್ಶಲಾ ಅಲಿ. ಪ್ರಶಸ್ತಿ ಯಾವುದೂ ಬರಲಿಲ್ಲ. ಕೋವಿಡ್ ಕಾಲವಾದ್ದರಿಂದ ಮೈಯೆಲ್ಲ ಮುಚ್ಚಿದ ರಕ್ಷಾ ಉಡುಪು ತೊಟ್ಟವರು ಪ್ರಶಸ್ತಿಯ ವಿಗ್ರಹ ಹಿಡಿದು ನಟರ ಮನೆಬಾಗಿಲಲ್ಲಿ ಕಾಯುತ್ತಿದ್ದರು. ತನಗೆ ಬಾರದಿದ್ದಾಗ ಕಿಟಕಿಯಾಚೆ ಆ ವ್ಯಕ್ತಿ ಕೈಬೀಸಿ ವಿಗ್ರಹದೊಂದಿಗೆ ಮರಳುವ ದೃಶ್ಯವನ್ನು ರಾಮಿ ಯೂಸುಫ್ ತಾವೇ ಚಿತ್ರಿಸಿ ಹಂಚಿಕೊಂಡರು. ಸೋಲನ್ನು ನಗೆಯಾಗಿಸುವ ಗುಣ ಆ ಧಾರಾವಾಹಿಯಲ್ಲೂ ಇದೆ.

ಆದರೆ ನಮ್ಮ ಮತ ಬೇರೊಬ್ಬರಿಗೆ. ರಾಮಿಯ ತಾಯಿ ಮೈಸಾ ಪಾತ್ರದ ಹಿಯಾಮ್ ಅಬ್ಬಾಸ್. ನಾಝರೆತ್‌ನಲ್ಲಿ ಹುಟ್ಟಿದ ಫೆಲೆಸ್ತೀನಿ ನಟಿ. ಮಕ್ಕಳು ದೊಡ್ಡವರಾದ ಮೇಲೆ, ಗಂಡ ಕೆಲಸದಲ್ಲಿ ಮುಳುಗಿರುವಾಗ, ಮಾತನಾಡಲು ಮನುಷ್ಯರು ಬೇಕೆಂದು ಈಕೆ ಬಾಡಿಗೆ ಕಾರು ಓಡಿಸಲು ಹೊರಡುತ್ತಾಳೆ. ಹಿಂದಿನ ಸೀಟಿನಲ್ಲಿ ಕುಳಿತವರ ಜೊತೆ ಅತಿಯಾಗಿ ಮಾತನಾಡುತ್ತಾಳೆ, ಕೇಳಬಾರದ್ದನ್ನು ಕೇಳುತ್ತಾಳೆ, ಬಾಯಿ ತಪ್ಪುತ್ತಾಳೆ. ಎರಡನೇ ಆವೃತ್ತಿಯಲ್ಲಿ ಪೌರತ್ವ ಸಿಗುವ ಹೊತ್ತಿಗೆ ಪ್ರಯಾಣಿಕರೊಬ್ಬರ ದೂರು ಬಂದಾಗ ಆ ದೂರಿನಿಂದಲೇ ಪೌರತ್ವ ತಪ್ಪೀತೇ ಎಂದು ಕಂಗಾಲಾಗುತ್ತಾಳೆ. ಆ ಭಯ ನಮಗೆ ನಗು ತರಿಸುತ್ತದೆ, ಮರುಕ್ಷಣ ಗಂಟಲು ಕಟ್ಟುತ್ತದೆ. ಒಂದು ಕಾಗದಕ್ಕಾಗಿ ಹೆದರುವ ತಾಯಂದಿರನ್ನು ಪೌರತ್ವದ ಚರ್ಚೆಯ ದಿನಗಳಲ್ಲಿ ನಮ್ಮ ದೇಶವೂ ಕಂಡಿದೆ.

ಮಹೆರ್ಶಲಾ ಅಲಿ ಶ್ರೇಷ್ಠ ನಟ, ಸಂಶಯವಿಲ್ಲ. ಆದರೆ ಅವರು ಎರಡು ಆಸ್ಕರ್ ಗೆದ್ದಿದ್ದವರು, ಮತದಾರರಿಗೆ ಹೆಸರು ಗೊತ್ತಿತ್ತು. ಅವರ ಗುರು ಪಾತ್ರ ಎತ್ತರದಲ್ಲಿ ನಿಂತ ಪಾತ್ರ, ಮೈಸಾ ನೆಲದ ಮೇಲೆ ನಡೆಯುವವಳು. ಹಾಸ್ಯ ವಿಭಾಗದ ಪೋಷಕ ನಟಿಯರ ಪಟ್ಟಿಯಲ್ಲಿ ಆ ವರ್ಷ ಎಂಟು ಮಂದಿ ಇದ್ದರು. ಅವರಲ್ಲಿ ಇಬ್ಬರು 'ಸ್ಯಾಟರ್‌ಡೇ ನೈಟ್ ಲೈವ್' ಎಂಬ ಒಂದೇ ಪ್ರಹಸನ ಕಾರ್ಯಕ್ರಮದವರು. ಒಂದು ಸ್ಥಾನ ಸಾಕಿತ್ತು, ಇನ್ನೊಂದು ಅಬ್ಬಾಸ್‌ಗೆ. 2023ರಲ್ಲಿ ಹಿಯಾಮ್ ಅಬ್ಬಾಸ್ ಕೊನೆಗೂ ಎಮ್ಮಿ ಪಟ್ಟಿಗೆ ಬಂದರು, 'ಸಕ್ಸೆಷನ್' ಧಾರಾವಾಹಿಯ ಕೋಟ್ಯಧಿಪತಿಯ ಪತ್ನಿಯ ಪಾತ್ರಕ್ಕೆ. ಬಾಡಿಗೆ ಕಾರಿನ ಮೈಸಾ ಕಣ್ಣಿಗೆ ಬೀಳಲಿಲ್ಲ.

ನಾಲ್ಕನೇ ಮತ: ಒಂದು ಕಂತಿಗೆ

ತಮಿಳುನಾಡಿನ ಮುಸ್ಲಿಮ್ ಮನೆತನದ ಅಝೀಝ್ ಅನ್ಸಾರಿ 'ಮಾಸ್ಟರ್ ಆಫ್ ನನ್' ಬರವಣಿಗೆಗಾಗಿ 2016 ಮತ್ತು 2017ರಲ್ಲಿ ಸಹಲೇಖಕರೊಂದಿಗೆ ಎಮ್ಮಿ ಪಡೆದರು. 2017ರ ಪ್ರಶಸ್ತಿ ಬಂದದ್ದು 'ಥ್ಯಾಂಕ್ಸ್‌ಗಿವಿಂಗ್' ಕಂತಿಗೆ. ಒಳ್ಳೆಯ ಕಂತೇ. ಅದೇ ಆವೃತ್ತಿಯಲ್ಲಿ 'ರಿಲಿಜನ್' ಎಂಬ ಇನ್ನೊಂದು ಕಂತಿದೆ. ಧರ್ಮಪಾಲನೆ ಮಾಡದ ಮಗ, ಪಾಲಿಸುವ ತಾಯಿತಂದೆ, ಮನೆಗೆ ಬಂದ ನೆಂಟರು. ಮಗ ಹೋಟೆಲಿನಲ್ಲಿ ಎಲ್ಲರೆದುರು ಹಂದಿಮಾಂಸ ತರಿಸಿಕೊಳ್ಳುತ್ತಾನೆ. ತಾಯಿ ಮಾತು ಬಿಡುತ್ತಾಳೆ.

ಈ ಕಂತಿನಲ್ಲಿ ಮಗ ಆಧುನಿಕ, ಪೋಷಕರು ಹಳಬರು ಎಂಬ ಸುಲಭದ ತೀರ್ಪಿಲ್ಲ. ತಾನು ಸ್ವತಂತ್ರ ಎಂದು ಮಗನಿಗೆ ಗೊತ್ತು. ತನ್ನ ಸ್ವಾತಂತ್ರ್ಯ ತಾಯಿಗೆ ಏಕೆ ನೋವು ಕೊಡುತ್ತದೆ ಎಂಬುದು ಆತನಿಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಆತ ತಾಯಿ ಕೊಟ್ಟ ಕುರ್‌ಆನ್ ತೆರೆದು ಓದುತ್ತಾನೆ. ಆತ ಹೊರಗೆ ಸ್ನೇಹಿತರೊಂದಿಗೆ, ಪೋಷಕರು ಮಸೀದಿಯಲ್ಲಿ ತಮ್ಮವರೊಂದಿಗೆ. ಎರಡೂ ಕಡೆ ನಗು, ಎರಡೂ ಕಡೆ ಸಲಾಮ್. ಪೋಷಕರಾಗಿ ನಟಿಸಿದವರು ಅನ್ಸಾರಿಯ ನಿಜ ತಂದೆತಾಯಿ, ವೃತ್ತಿ ನಟರಲ್ಲ. ಮಗ ಕೈತಪ್ಪಿದನೆಂದು ತಾಯಿಗೆ ಆಗುವ ಬೇಸರವನ್ನೂ, ಬೇಸರವಾದರೂ ಬಾಗಿಲು ಮುಚ್ಚದ ಪ್ರೀತಿಯನ್ನೂ ಮೂವತ್ತು ನಿಮಿಷದೊಳಗೆ ಹೇಳುವುದು ಸಣ್ಣ ಕೆಲಸವಲ್ಲ. ಆ ವರ್ಷದ ಹಾಸ್ಯ ಬರವಣಿಗೆಯ ಪಟ್ಟಿಯಲ್ಲಿ 'ವೀಪ್'ನ ಎರಡು ಕಂತುಗಳಿದ್ದವು. ಒಂದರ ಜಾಗದಲ್ಲಿ 'ರಿಲಿಜನ್' ಇರಬೇಕಿತ್ತು.

ಐದನೇ ಮತ: ಒಂದು ಧಾರಾವಾಹಿಗೆ

'ಮೊ' ಧಾರಾವಾಹಿಯ ಎರಡು ಆವೃತ್ತಿಗಳು 2022 ಮತ್ತು 2025ರಲ್ಲಿ ಬಂದವು. ಹಾಸ್ಯನಟ ಮುಹಮ್ಮದ್ ಆಮರ್ ತಮ್ಮ ಬದುಕನ್ನೇ ಆಧರಿಸಿ ರಾಮಿ ಯೂಸುಫ್ ಜೊತೆ ಸೇರಿ ಇದನ್ನು ಕಟ್ಟಿದರು. ಕುವೈತ್‌ನಲ್ಲಿದ್ದ ಫೆಲೆಸ್ತೀನಿ ಕುಟುಂಬವೊಂದು ಕೊಲ್ಲಿ ಯುದ್ಧದ ಕಾಲದಲ್ಲಿ ಓಡಿ ಹ್ಯೂಸ್ಟನ್ ಸೇರುತ್ತದೆ. ಆಶ್ರಯ ಕೋರಿ ಹಾಕಿದ ಅರ್ಜಿ ಎರಡು ದಶಕಗಳಾದರೂ ಇತ್ಯರ್ಥವಾಗುವುದಿಲ್ಲ. ಕಾಗದವಿಲ್ಲದವನಿಗೆ ಕಾಯಂ ಕೆಲಸ ಯಾರು ಕೊಡುತ್ತಾರೆ? ನಾಯಕ ಕಾರಿನ ಡಿಕ್ಕಿಯಲ್ಲಿ ನಕಲಿ ಬ್ರ್ಯಾಂಡಿನ ಸಾಮಾನು ಇಟ್ಟು ಮಾರುತ್ತಾನೆ. ಕಿಸೆಯಲ್ಲಿ ಸದಾ ಒಂದು ಸಣ್ಣ ಬಾಟಲಿ ಆಲಿವ್ ಎಣ್ಣೆ. ಊಟದ ಮೇಲೆ ಸುರಿಯಲು, ಊರನ್ನು ನೆನೆಯಲು.

ಎರಡನೇ ಆವೃತ್ತಿಯ ಕೊನೆಯಲ್ಲಿ ಕುಟುಂಬ ಪಶ್ಚಿಮ ದಂಡೆಯ ತಮ್ಮ ಹಳ್ಳಿಗೆ ಹೋಗುತ್ತದೆ. ತಪಾಸಣೆ, ಪ್ರಶ್ನೆಗಳು, ಅವಮಾನ, ನಂತರ ಬಂಧುಗಳ ಮನೆಯ ಊಟ, ಆಲಿವ್ ತೋಟ. ತಾಯಿ ಯುಸ್ರಾ ಪಾತ್ರದ ಫರಹ್ ಬ್ಸೇಸೊ ಆ ಕಂತಿನಲ್ಲಿ ಹೆಚ್ಚು ಮಾತನಾಡುವುದೇ ಇಲ್ಲ. ಸುದ್ದಿಗಳಲ್ಲಿ ಸಂಖ್ಯೆಗಳಾಗಿ ಬರುವ ಜನ ಇಲ್ಲಿ ಅಡುಗೆ ಮಾಡುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ. 'ಮೊ' ಪ್ರತಿಷ್ಠಿತ ಪೀಬಡಿ ಪ್ರಶಸ್ತಿ ಪಡೆಯಿತು. ಎಮ್ಮಿಯ ಅತ್ಯುತ್ತಮ ಹಾಸ್ಯ ಧಾರಾವಾಹಿಗಳ ಪಟ್ಟಿಗೆ ಎರಡೂ ಬಾರಿ ಬರಲಿಲ್ಲ. 2025ರ ಎಂಟರಲ್ಲಿ 'ದ ಬೇರ್' ಕೂಡ ಇತ್ತು. ಅದರ ಮೊದಲೆರಡು ಆವೃತ್ತಿಗಳನ್ನು ನಾವು ಮೆಚ್ಚಿದ್ದೇವೆ. ಮೂರನೆಯದು ನಿಂತಲ್ಲೇ ನಿಂತಿತ್ತು, ಹಾಸ್ಯವಂತೂ ಹುಡುಕಿದರೂ ಸಿಗುವುದಿಲ್ಲ. ಆ ಸ್ಥಾನ 'ಮೊ'ಗೆ.

ಪಟ್ಟಿಯಿಂದ ಏನು?

ಈಗ ಒಬ್ಬ ಓದುಗರು ಕೇಳಬಹುದು: ಅಮೆರಿಕನ್ನರ ಪ್ರಶಸ್ತಿ ಬಂದರೆಷ್ಟು, ಬಿಟ್ಟರೆಷ್ಟು? ಪ್ರಶಸ್ತಿಯಿಂದ ಸತ್ಯ ಹೆಚ್ಚುವುದಿಲ್ಲ ಎಂಬುದು ನಿಜ. ಆದರೆ ಪಟ್ಟಿಗೆ ಬೇರೊಂದು ಶಕ್ತಿಯಿದೆ. ಪಟ್ಟಿಯಲ್ಲಿದ್ದವರಿಗೆ ಮುಂದಿನ ಅವಕಾಶ ಸಿಗುತ್ತದೆ, ಅಂಥ ಕಥೆಗೆ ಹಣ ಹೂಡಲು ಕಂಪೆನಿ ಮುಂದೆ ಬರುತ್ತದೆ, ಹತ್ತು ವರ್ಷದ ನಂತರ ನೋಡುವವರು ಪಟ್ಟಿ ಹಿಡಿದು ಹುಡುಕುತ್ತಾರೆ. '24' ಮತ್ತು 'ಹೋಮ್‌ಲ್ಯಾಂಡ್' ಆ ಪಟ್ಟಿಯಲ್ಲಿ ಶಾಶ್ವತವಾಗಿವೆ. ಸಲೀಮನ ಟ್ಯಾಕ್ಸಿ, ಮೈಸಾಳ ಕಾರು, ಮೊ ಕಿಸೆಯ ಎಣ್ಣೆಬಾಟಲಿ ಅಲ್ಲಿಲ್ಲ.

ನಮ್ಮ ಐದು ಮತಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೇ ಒಂದು ವಿಷಯ ಹೊಳೆಯಿತು. ಇವರಲ್ಲಿ ಯಾರೂ ಆದರ್ಶ ಮುಸ್ಲಿಮರಲ್ಲ. ಹೆದರುವ ತಂದೆ, ಸಿಟ್ಟು ನುಂಗುವ ಅಧಿಕಾರಿ, ಬಾಯಿ ತಪ್ಪುವ ತಾಯಿ, ಹಂದಿ ತಿಂದ ಮಗ, ನಕಲಿ ಮಾಲು ಮಾರುವ ನಿರಾಶ್ರಿತ. ಭಯೋತ್ಪಾದಕನ ಚಿತ್ರಕ್ಕೆ ಬದಲಾಗಿ ಸಂತನ ಚಿತ್ರ ಬೇಕೆಂದು ನಾವು ಕೇಳುತ್ತಿಲ್ಲ. ಸಂತನನ್ನು ಕೂಡ ಜನ ದೂರದಿಂದಲೇ ನೋಡುತ್ತಾರೆ. ನೆರೆಯವನಾಗಿ ಸ್ವೀಕರಿಸುವುದು ತಪ್ಪು ಮಾಡುವ, ತಿದ್ದಿಕೊಳ್ಳುವ ಮನುಷ್ಯನನ್ನು.

2025ರಲ್ಲಿ ಅತ್ಯುತ್ತಮ ಧಾರಾವಾಹಿಯೆಂಬ ಎಮ್ಮಿ ಪಡೆದದ್ದು 'ದ ಪಿಟ್'. ಪಿಟ್ಸ್‌ಬರ್ಗ್‌ನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ಕಥೆ. ಅಲ್ಲಿ ಪರ್ಲಾ ಎಂಬ ಫಿಲಿಪ್ಪೀನ್ಸ್ ಮೂಲದ ನರ್ಸ್ ಇದ್ದಾಳೆ, ಹಿಜಾಬ್ ಧರಿಸುತ್ತಾಳೆ. ಆ ಮೊದಲ ಆವೃತ್ತಿಯಲ್ಲಿ ಅದನ್ನೊಂದು ಸುಳಿವನ್ನಾಗಿ ಯಾರೂ ತೋರಿಸುವುದಿಲ್ಲ, ಕ್ಯಾಮೆರಾ ಅದರ ಮೇಲೆ ತಡವರಿಸಿ ನಿಲ್ಲುವುದಿಲ್ಲ. ಆಕೆ ರೋಗಿಗಳನ್ನು ನೋಡಿಕೊಳ್ಳುತ್ತಾಳೆ, ಸಹೋದ್ಯೋಗಿಯ ಜೊತೆ ತಮ್ಮ ಭಾಷೆಯಲ್ಲಿ ವೈದ್ಯರ ಬಗ್ಗೆ ಪಿಸುಮಾತಾಡಿ ನಗುತ್ತಾಳೆ, ಮುಂದಿನ ಹಾಸಿಗೆಯತ್ತ ನಡೆಯುತ್ತಾಳೆ. ಪಾತ್ರ ಚಿಕ್ಕದು, ನಾಮನಿರ್ದೇಶನಕ್ಕೆ ಸಾಲದು. ನಮ್ಮ ಪಟ್ಟಿಗೂ ನಾವು ಅದನ್ನು ಸೇರಿಸಿಲ್ಲ. ಆದರೆ 'ಹೋಮ್‌ಲ್ಯಾಂಡ್'ನ ಗ್ಯಾರೇಜಿನ ನಮಾಝ್‌ಗೂ ಈ ನರ್ಸ್‌ಗೂ ನಡುವೆ ಹದಿಮೂರು ವರ್ಷಗಳಿವೆ. ಆ ದಾರಿಯನ್ನು ತುಳಿದು ಹದ ಮಾಡಿದವರು ಪ್ರಶಸ್ತಿ ಸಿಗದ ಮೊಆದಿ, ರಹೀಮ್, ಅಬ್ಬಾಸ್, ಬ್ಸೇಸೊ ಅಂಥವರು. ನಮ್ಮ ಮತ ಅವರಿಗೆ.